ನರಿ ಎಂದರೆ ಹುಲಿ

ಕೊಡಗಿನ ಪೊನ್ನಂಪೇಟೆ ಕಡೆಯ ಒಂದು ಶಾಲೆ. ಒಂದನೇ ತರಗತಿಯ ಹುಡುಗಿಯೊಬ್ಬಳು ಕಾರ್ಡಿನ ಮೇಲೆ ಬೆರಳಿಟ್ಟು ಓದಿದಳು. ‘ನ... ರಿ. ನರಿ.’ ಚಿತ್ರ ತೋರಿಸು ಅಂದರು ಟೀಚರ್. ಚಾಪೆಯ ಮೇಲೆ ನಾಲ್ಕೈದು ಚಿತ್ರಗಳಿದ್ದವು. ಅವಳು ಸ್ವಲ್ಪವೂ ತಡಮಾಡದೆ ಹುಲಿಯನ್ನು ಮುಟ್ಟಿದಳು. ಪಕ್ಕದ ಹುಡುಗ ನಕ್ಕುಬಿಟ್ಟ. ‘ಅದು ಹುಲಿ ಕಣೇ, ನರಿ ಇದು’ ಅಂತ ಸರಿಯಾದ ಚಿತ್ರ ಎತ್ತಿಕೊಟ್ಟ. ಕಾರ್ಡಿನ ಕಡೆ ಅವನು ಕಣ್ಣು ಕೂಡ ಹಾಯಿಸಿರಲಿಲ್ಲ.

ಹುಡುಗಿಯ ಮನೆಮಾತು ಕೊಡವ ತಕ್ಕ್, ಅಂದರೆ ಕೊಡವರ ಭಾಷೆ. ಅದರಲ್ಲಿ ನರಿ ಎಂದರೆ ಹುಲಿಯೇ. ಹಿಂದೆ ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ಗೌರವಿಸುತ್ತಿದ್ದರಲ್ಲ, ಆ ಸಂಭ್ರಮದ ಹೆಸರೇ ನರಿ ಮಂಗಲ.

ಈಗ ಪ್ರಗತಿ ಪಟ್ಟಿಯಲ್ಲಿ ಯಾರಿಗೆ ಸರಿ ಹಾಕಬೇಕು? ಉತ್ತರವನ್ನಷ್ಟೇ ನೋಡಿದರೆ ಹುಡುಗನಿಗೆ. ಆದರೆ ಓದಿದವಳು ಹುಡುಗಿ, ಅಲ್ವಾ?

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿನ ಬಗ್ಗೆ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸಿ ಓದುವ ಶಕ್ತಿ ಒಂದು. ಆ ಭಾಷೆಯ ಮಾತು ತಿಳಿಯುವ ಶಕ್ತಿ ಇನ್ನೊಂದು. ಓದಿ ಅರ್ಥ ಮಾಡಿಕೊಳ್ಳುವುದು ಈ ಎರಡರ ಗುಣಲಬ್ಧ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ನಮ್ಮ ಹುಡುಗಿಗೆ ಅಕ್ಷರ ಬಂದಿದೆ, ಕನ್ನಡದ ಪದ ಬರಬೇಕು. ಹುಡುಗನಿಗೆ ಕನ್ನಡ ಬಂದಿದೆ, ಅಕ್ಷರ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಇಬ್ಬರಿಗೂ ಒಂದೇ ಔಷಧ ಕೊಟ್ಟರೆ ಆಗುತ್ತದೆಯೇ?

ಕೊಡಗಿನ ತರಗತಿಗಳಲ್ಲಿ ಇಂಥದ್ದು ಜಾಸ್ತಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ತೋಟದ ಲೈನ್ ಮನೆಗಳ ಯರವ ಮಕ್ಕಳ ಮಾತು, ಎಲ್ಲ ಒಂದೇ ಚಾಪೆಯ ಮೇಲೆ ಕೂತಿರುತ್ತವೆ. ಹಾಲಿನ ಚಿತ್ರ ತೋರಿಸಿ ‘ಹ’ ಕಲಿಸಲು ಹೊರಟರೆ ಕೊಡವ ಮಗುವೂ ಮಲಯಾಳಂ ಮಗುವೂ ‘ಪಾಲ್’ ಅನ್ನುತ್ತವೆ. ಅದು ತಪ್ಪಲ್ಲ. ಹಳಗನ್ನಡದಲ್ಲೂ ಹಾಲು ಪಾಲೇ ಆಗಿತ್ತು, ಹುಲಿ ಪುಲಿಯಾಗಿತ್ತು. ಕನ್ನಡದಲ್ಲಿ ಪಕಾರ ಹಕಾರವಾಯಿತು, ಅಕ್ಕಪಕ್ಕದ ಮಾತುಗಳಲ್ಲಿ ಹಾಗೇ ಉಳಿಯಿತು. ಇದು ಗೊತ್ತಿರುವ ಟೀಚರ್ ಕೊಡಗಿನ ಸುಗ್ಗಿ ಹಬ್ಬದ ಹೆಸರನ್ನು ಬೋರ್ಡಿನ ಮೇಲೆ ‘ಪುತ್ತರಿ’ ಎಂದು ಬರೆದು ಪಕ್ಕದಲ್ಲಿ ಕನ್ನಡದ ‘ಹುತ್ತರಿ’ ಬರೆಯಬಲ್ಲರು. ಎರಡು ಅಕ್ಷರ ಒಂದೇ ಏಟಿಗೆ ಕಲಿತಂತಾಯಿತು, ಮನೆಮಾತಿಗೂ ಮರ್ಯಾದೆ ಸಿಕ್ಕಿತು.

ಲಿಪಿಯೂ ಸುಲಭದ್ದಲ್ಲ. ಇಂಗ್ಲಿಷಿಗೆ 26 ಅಕ್ಷರ. ನಮಗೆ ವರ್ಣಮಾಲೆಯ 49, ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ‘ವು’ ಬರೆಯುವಾಗ ಕೊಂಬನ್ನು ಕೆಳಗಿಳಿಸದೆ ಪಕ್ಕಕ್ಕೆ ಎಳೆದರೆ ‘ಮ’ ಆಗಿಬಿಡುತ್ತದೆ. ‘ಸೂರ್ಯ’ ಅನ್ನುವಾಗ ಬಾಯಲ್ಲಿ ರ್ ಮೊದಲು, ಬರಹದಲ್ಲಿ ಅದರ ಗುರುತು ಯ ಆದಮೇಲೆ. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಮಕ್ಕಳ ಅಕ್ಷರಜ್ಞಾನ ನಾಲ್ಕನೇ ತರಗತಿಯಲ್ಲೂ ಬೆಳೆಯುತ್ತಲೇ ಇತ್ತು. ಹಾಗಿರುವಾಗ ಒಂದನೇ ತರಗತಿಯ ಮಗುವಿಗೆ ಒತ್ತಕ್ಷರ ಬರಲಿಲ್ಲ ಎಂದು ದಡ್ಡರ ಸಾಲಿಗೆ ಸೇರಿಸುವುದು ಅನ್ಯಾಯ.

ಸರ್ಕಾರಿ ಶಾಲೆಗಳಲ್ಲಿ ಆಡುತ್ತ ಕಲಿಸುವ ನಲಿ-ಕಲಿಗೆ ಇದು ಸ್ವಲ್ಪ ಅರ್ಥವಾಗಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ಅ ಆ ಇ ಈ ಸಾಲನ್ನು ಬಿಟ್ಟು ‘ರ, ಗ, ಸ, ದ, ಅ’ ಇಂದ ಹೊರಟಿತು. ಐದೇ ಅಕ್ಷರದಲ್ಲಿ ಸರ, ರಸ, ಅಗಸ, ಅರಸ ಓದಬಹುದು. ಮೊದಲ ವಾರಗಳಲ್ಲೇ ಪದ ಓದಿದ ಖುಷಿ! ಇನ್ನೊಂದು ಒಳ್ಳೆಯ ಗುಣ ಅದರ ಕಲಿಕಾ ಏಣಿ, ಅಂದರೆ ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿ. ಕೊಡವರ ಕಕ್ಕಡ ತಿಂಗಳ ಮಳೆಗೆ ರಜೆ ಬಿದ್ದರೂ, ಕಾಫಿ ಕೊಯ್ಲಿಗೆ ಅಪ್ಪ ಅಮ್ಮ ಬೇರೆ ತೋಟಕ್ಕೆ ಹೋದರೂ, ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು.

ಆದರೆ ಆ ಏಣಿಯೂ ‘ನರಿ’ಯ ಗುಟ್ಟನ್ನು ಹಿಡಿಯಲಾರದು. ಅದಕ್ಕೆ ಮನುಷ್ಯರೇ ಬೇಕು. ಹಾಗಂತ ಟೀಚರ್ ಮನಸ್ಸಿಗೆ ಬಂದಂತೆ ಕಲಿಸಲಿ ಎಂದು ನಾನು ಹೇಳುತ್ತಿಲ್ಲ. ಚಿತ್ರ ನೋಡಿ ಊಹಿಸಲು ಬಿಡುವುದು ಓದು ಕಲಿಸಿದಂತಲ್ಲ. ಅಕ್ಷರಕ್ಕೂ ದನಿಗೂ ಇರುವ ನಂಟನ್ನು ಕ್ರಮವಾಗಿ ಹೇಳಿಕೊಡಲೇಬೇಕು, ಅದರಲ್ಲಿ ರಾಜಿ ಬೇಡ. ಎಷ್ಟು ದಿನ, ಯಾವ ಪದದಿಂದ, ಯಾವ ತಪ್ಪನ್ನು ಈಗ ತಿದ್ದಬೇಕು, ಯಾವುದನ್ನು ಸುಮ್ನೆ ಬಿಡಬೇಕು, ಇವನ್ನು ಮಾತ್ರ ಅವರ ಕೈಗೆ ಬಿಡಿ. ತಿಂಗಳ ಕೊನೆಗೆ ಇಷ್ಟು ಮೆಟ್ಟಿಲು ಮುಗಿದಿರಲೇಬೇಕು ಎಂದು ಮೇಲಿನವರು ಕೂತರೆ ಟೀಚರ್ ಮಗುವನ್ನು ಬಿಟ್ಟು ಪಟ್ಟಿ ನೋಡುತ್ತಾರೆ.

ಆ ದಿನ ಟೀಚರ್ ಹುಡುಗಿಯ ಹೆಸರಿನ ಮುಂದೆ ಸರಿ ಹಾಕಿದರು. ಕನ್ನಡದ ನರಿಯ ಕಥೆ ಹೇಳಿದರು, ಅವಳ ಬಾಯಿಂದ ಕೊಡಗಿನ ನರಿಯ ಕಥೆ ಹೇಳಿಸಿದರು. ಆಮೇಲೆ ಹುಡುಗನ ಕೈಗೆ ಚಿತ್ರವಿಲ್ಲದ ಕಾರ್ಡು ಕೊಟ್ಟರು. ‘ರಸ’ ಎಂದಿತ್ತು. ಅವನು ಅದನ್ನೇ ನೋಡಿದ. ಮೆಲ್ಲಗೆ ತಿರುಗಿಸಿ ಹಿಂಬದಿಯಲ್ಲಿ ಚಿತ್ರವಿದೆಯೇ ಎಂದು ಹುಡುಕಿದ. ಟೀಚರ್ ಏನೂ ಅನ್ನಲಿಲ್ಲ. ಅವನನ್ನು ಹತ್ತಿರ ಕರೆದು ಕೂರಿಸಿಕೊಂಡು, ‘ರ’ದ ಮೇಲೆ ಅವನ ಬೆರಳಿಟ್ಟರು.