ಪದ ಪರಿಚಯ: ನೋಟಿನ ಭಾವಚಿತ್ರ

ನೋಟಿನ ಮುಂಭಾಗದಲ್ಲಿ ಅಚ್ಚಾಗುವ ವ್ಯಕ್ತಿಯ ಮುಖಚಿತ್ರವೇ ನೋಟಿನ ಭಾವಚಿತ್ರ. ನಮ್ಮಲ್ಲಿ ಅದು ಗಾಂಧೀಜಿಯವರದು. ಅಂಬೇಡ್ಕರ್ ಯಾಕಿಲ್ಲ, ಸುಭಾಷರು ಯಾಕಿಲ್ಲ, ಟ್ಯಾಗೋರರು ಯಾಕಿಲ್ಲ ಎಂಬ ಮಾತು ಆಗಾಗ ಏಳುತ್ತದೆ. ಏಳಬೇಕಾದದ್ದೇ. ಆದರೆ ಬಹಳ ಸಲ ಅದು ಯಾರು ದೊಡ್ಡವರು ಎಂಬ ಜಗಳವಾಗಿ ಮುಗಿದುಹೋಗುತ್ತದೆ. ಗೌರವ ಸಲ್ಲಿಸುವುದು ಭಾವಚಿತ್ರದ ಅರ್ಧ ಕೆಲಸ ಮಾತ್ರ. ಉಳಿದರ್ಧ, ಖೋಟಾ ನೋಟನ್ನು ಹಿಡಿದುಕೊಡುವುದು. ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಸೂಚಿಸಿದ ಹೆಸರು ಎಷ್ಟೇ ದೊಡ್ಡದಿರಲಿ, ನೋಟಿನವರೆಗೆ ತಲುಪುವುದು ಕಷ್ಟ.

ಒಂದು ಹೊಸ 200 ರೂಪಾಯಿ ನೋಟು ತೆಗೆದುಕೊಂಡು ಗಾಂಧೀಜಿಯ ಮುಖದ ಮೇಲೆ ಹೆಬ್ಬೆರಳು ಆಡಿಸಿ. ಸಣ್ಣ ತರಿ ಸಿಗುತ್ತದೆ. ಇದನ್ನು ಇಂಟಾಗ್ಲಿಯೊ ಮುದ್ರಣ ಎನ್ನುತ್ತಾರೆ. ಲೋಹದ ಫಲಕದಲ್ಲಿ ಕೊರೆದ ಗೀರುಗಳಿಗೆ ಶಾಯಿ ತುಂಬಿ, ಕಾಗದವನ್ನು ಅದರ ಮೇಲೆ ಭಾರಿ ಒತ್ತಡದಲ್ಲಿ ಒತ್ತುತ್ತಾರೆ. ಗೀರಿನ ಶಾಯಿ ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಕೆನ್ನೆಯ ನೆರಳು, ಕನ್ನಡಕದ ಅಂಚು, ಕಿವಿಯ ಮಡಿಕೆ ಎಲ್ಲವೂ ಗೆರೆಗಳೇ. ಮಾಮೂಲಿ ಪ್ರಿಂಟರ್ ಈ ಗೆರೆಗಳನ್ನು ಚುಕ್ಕಿಗಳಾಗಿ ಒಡೆದು ಹಾಕುತ್ತದೆ, ಉಬ್ಬನ್ನಂತೂ ತರಲಾರದು. ಈಗ ನೋಟನ್ನು ಬೆಳಕಿಗೆ ಹಿಡಿಯಿರಿ. ಖಾಲಿ ಜಾಗದಲ್ಲಿ ಅದೇ ಮುಖ ವಾಟರ್‌ಮಾರ್ಕ್ ಆಗಿ ಮೂಡುತ್ತದೆ. ಇದು ಅಚ್ಚು ಹಾಕಿದ್ದಲ್ಲ. ಕಾಗದ ತಯಾರಾಗುವಾಗಲೇ ಒಂದೆಡೆ ದಪ್ಪ, ಒಂದೆಡೆ ತೆಳು ಮಾಡಿ ಮೂಡಿಸಿದ್ದು.

ಮುಖವೇ ಏಕೆ? ಕಟ್ಟಡದ ಒಂದು ಕಿಟಕಿ ಅತ್ತಿತ್ತಾದರೆ ನಮಗೆ ಗೊತ್ತಾಗುವುದಿಲ್ಲ. ಪರಿಚಿತ ಮುಖದಲ್ಲಿ ತುಟಿ ಕೂದಲೆಳೆಯಷ್ಟು ಓರೆಯಾದರೂ ಏನೋ ಸರಿಯಿಲ್ಲ ಅನಿಸುತ್ತದೆ. ಯೂರೋ ನೋಟುಗಳ ಉದಾಹರಣೆ ನೋಡಿ. ಯಾವ ದೇಶಕ್ಕೂ ಬೇಸರವಾಗಬಾರದೆಂದು 2002ರಲ್ಲಿ ವ್ಯಕ್ತಿಗಳನ್ನೇ ಬಿಟ್ಟು, ನಿಜವಾಗಿ ಎಲ್ಲೂ ಇಲ್ಲದ ಸೇತುವೆ ಮತ್ತು ಬಾಗಿಲುಗಳನ್ನು ಬಿಡಿಸಿದ್ದರು. 2013ರಲ್ಲಿ ಶುರುವಾದ ಎರಡನೇ ಸರಣಿಗೆ ಮುಖವೊಂದು ಬೇಕೇ ಆಯಿತು. ಗ್ರೀಕ್ ಪುರಾಣದ ಯೂರೋಪಾಳ ಮುಖವನ್ನು ವಾಟರ್‌ಮಾರ್ಕಿಗೆ ತಂದರು.

ಗಾಂಧೀಜಿ ನಮ್ಮ ನೋಟಿಗೆ ಮೊದಲ ದಿನದಿಂದಲೇ ಬಂದವರಲ್ಲ. ಸ್ವಾತಂತ್ರ್ಯ ಬಂದಾಗ ಬ್ರಿಟಿಷ್ ರಾಜನ ಚಿತ್ರದ ಜಾಗಕ್ಕೆ ಅವರ ಚಿತ್ರವನ್ನೇ ತರುವ ಯೋಚನೆಯಿತ್ತು, ಮಾದರಿಗಳೂ ತಯಾರಾಗಿದ್ದವು. ಕೊನೆಗೆ ಒಮ್ಮತ ಮೂಡಿದ್ದು ಸಾರನಾಥದ ಸಿಂಹಗಳ ಮೇಲೆ. 1969ರಲ್ಲಿ ಜನ್ಮಶತಾಬ್ದಿಯ ನೆನಪಿನ ಸರಣಿಯಲ್ಲಿ, ಸೇವಾಗ್ರಾಮ ಆಶ್ರಮದ ಹಿನ್ನೆಲೆಯಲ್ಲಿ ಕುಳಿತ ಗಾಂಧೀಜಿ ಕಾಣಿಸಿಕೊಂಡರು. 1987ರಲ್ಲಿ 500 ರೂಪಾಯಿ ನೋಟಿಗೆ ಬಂದರು. 1996ರ ಮಹಾತ್ಮ ಗಾಂಧಿ ಸರಣಿಯಿಂದ ಅವರ ಮುಖ ಕಾಯಂ ಆಯಿತು. ಆ ಹೊತ್ತಿಗೆ ಬಣ್ಣದ ನಕಲು ಯಂತ್ರಗಳು ಬಂದು ಹಳೆಯ ನೋಟುಗಳ ಭದ್ರತೆ ಸಾಲದಾಗಿತ್ತು ಎಂಬುದನ್ನು ಮರೆಯಬಾರದು. 2016ರ ಹೊಸ ಸರಣಿಯಲ್ಲಿ ಬಲಬದಿಯಿದ್ದ ಚಿತ್ರ ನಡುವಿಗೆ ಬಂತು. ಇಂದಿಗೂ 1 ರೂಪಾಯಿ ನೋಟಿನಲ್ಲಿ ಗಾಂಧೀಜಿಯಿಲ್ಲ. ಅದನ್ನು ಹೊರಡಿಸುವುದು ರಿಸರ್ವ್ ಬ್ಯಾಂಕ್ ಅಲ್ಲ, ಕೇಂದ್ರ ಸರ್ಕಾರ. ಸಹಿಯೂ ಹಣಕಾಸು ಕಾರ್ಯದರ್ಶಿಯದು.

ತೀರ್ಮಾನ ಯಾರದು? 1934ರ ಭಾರತೀಯ ರಿಸರ್ವ್ ಬ್ಯಾಂಕ್ ಕಾಯ್ದೆಯ 25ನೇ ಕಲಂ ಪ್ರಕಾರ ನೋಟಿನ ವಿನ್ಯಾಸ, ಆಕಾರ, ವಸ್ತು ಮೂರಕ್ಕೂ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಅದನ್ನು ಪರಿಶೀಲಿಸಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಡಬೇಕು. ಯಾರ ಚಿತ್ರ ಇರಬೇಕೆಂದು ಆ ಕಲಂ ಹೇಳುವುದಿಲ್ಲ. ಜನರ ಅಭಿಪ್ರಾಯ ಕೇಳಬೇಕೆಂದೂ ಹೇಳುವುದಿಲ್ಲ. 2022ರ ಜೂನ್‌ನಲ್ಲಿ ಟ್ಯಾಗೋರ್ ಮತ್ತು ಅಬ್ದುಲ್ ಕಲಾಂ ಚಿತ್ರಗಳು ಬರಲಿವೆ ಎಂಬ ಸುದ್ದಿ ಹಬ್ಬಿದಾಗ, ಅಂಥ ಪ್ರಸ್ತಾವವೇ ಇಲ್ಲ ಎಂದು ಬ್ಯಾಂಕ್ ಸ್ಪಷ್ಟನೆ ಕೊಟ್ಟಿತು. ಒಪ್ಪಿಗೆ ಸಿಕ್ಕರೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಫಲಕ ಹೊಸದಾಗಿ ಕೊರೆಯಬೇಕು, ಕಾಗದದ ವಾಟರ್‌ಮಾರ್ಕ್ ಅಚ್ಚು ಬದಲಾಗಬೇಕು, ನಾಸಿಕ್, ದೇವಾಸ್, ಮೈಸೂರು, ಸಾಲ್ಬೊನಿಯ ಮುದ್ರಣಾಲಯಗಳಿಗೆ ಅವು ಹೋಗಬೇಕು, ನೋಟು ಎಣಿಸುವ ಯಂತ್ರಗಳಿಗೆ ಹೊಸ ಮುಖದ ಗುರುತು ಕಲಿಸಬೇಕು. ಜಪಾನ್ ತನ್ನ ಮೂರು ಹೊಸ ಮುಖಗಳನ್ನು ಪ್ರಕಟಿಸಿದ್ದು 2019ರ ಏಪ್ರಿಲ್‌ನಲ್ಲಿ, ನೋಟು ಜನರ ಕೈಗೆ ಬಂದದ್ದು 2024ರ ಜುಲೈಯಲ್ಲಿ.

ಹೆಸರು ಆರಿಸುವ ಕ್ರಮದಲ್ಲಿ ಕಲಿಯಲು ಹೆಚ್ಚು ಸಿಗುವುದು ಬ್ರಿಟನ್ನಿನಲ್ಲಿ, ಅದೂ ಅವರು ಎಡವಿದ ಮೇಲೆ. 2013ರಲ್ಲಿ 5 ಪೌಂಡ್ ನೋಟಿನಲ್ಲಿದ್ದ ಸಮಾಜ ಸುಧಾರಕಿ ಎಲಿಜಬೆತ್ ಫ್ರೈ ಜಾಗಕ್ಕೆ ಚರ್ಚಿಲ್ ಬರುತ್ತಾರೆಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಪ್ರಕಟಿಸಿತು. ಹಾಗಾದರೆ ರಾಣಿಯನ್ನು ಬಿಟ್ಟು ಒಬ್ಬ ಮಹಿಳೆಯೂ ಉಳಿಯುವುದಿಲ್ಲವಲ್ಲ ಎಂದು ದೊಡ್ಡ ಚಳವಳಿಯೇ ನಡೆಯಿತು. ಬ್ಯಾಂಕ್ 10 ಪೌಂಡಿಗೆ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಹೆಸರು ಘೋಷಿಸಿದ್ದಲ್ಲದೆ, ಆಯ್ಕೆಯ ವಿಧಾನವನ್ನೇ ಬದಲಿಸಿತು. ಈಗ ಮೊದಲು ಕ್ಷೇತ್ರ, ಆಮೇಲೆ ಹೆಸರು. 50 ಪೌಂಡ್ ನೋಟಿಗೆ ವಿಜ್ಞಾನವೆಂದು ಮೊದಲೇ ನಿಶ್ಚಯಿಸಿ 2018ರಲ್ಲಿ ಜನರನ್ನು ಕೇಳಿದರು. ಬಂದ ಸೂಚನೆಗಳು 2,27,299. ಬದುಕಿರುವವರು, ಕಾಲ್ಪನಿಕ ಪಾತ್ರಗಳು, ಬೇರೆ ಕ್ಷೇತ್ರದವರು ಎಲ್ಲರನ್ನೂ ತೆಗೆದ ಮೇಲೆ ಉಳಿದದ್ದು 989 ವಿಜ್ಞಾನಿಗಳು. ಸಮಿತಿ ಅದನ್ನು ಹನ್ನೆರಡಕ್ಕೆ ಇಳಿಸಿತು. ಆ ಹನ್ನೆರಡರಲ್ಲಿ ನಮ್ಮ ಶ್ರೀನಿವಾಸ ರಾಮಾನುಜನ್ ಕೂಡ ಇದ್ದರು! ಕೊನೆಯ ಮಾತು ಗವರ್ನರರದು. ಆಯ್ಕೆಯಾದವರು ಗಣಿತಜ್ಞ ಅಲನ್ ಟ್ಯೂರಿಂಗ್. ಕ್ಷೇತ್ರ ಮೊದಲೇ ನಿಶ್ಚಯವಾಗಿದ್ದರಿಂದ ಸೇನಾನಿಯನ್ನು ಕವಿಯ ಜೊತೆ, ಕವಿಯನ್ನು ಗಣಿತಜ್ಞರ ಜೊತೆ ತೂಗುವ ವ್ಯರ್ಥ ವಾದ ತಪ್ಪಿತು. ನಮ್ಮ ಚರ್ಚೆಗೆ ಮೊದಲು ಬೇಕಿರುವುದು ಇದೇ.

ಚಿತ್ರದ ಮೂಲ ಯಾವುದು ಎಂಬುದು ಎಲ್ಲರೂ ಕಡೆಗಣಿಸುವ ಪ್ರಶ್ನೆ. ಫಲಕ ಕೊರೆಯುವವರಿಗೆ ಸ್ಪಷ್ಟ, ನಂಬಲರ್ಹ ಚಿತ್ರ ಬೇಕು. ನಮ್ಮ ನೋಟಿನ ಗಾಂಧೀಜಿ 1946ರ ಒಂದು ಫೋಟೊದಿಂದ ಬಂದವರು. ಬ್ರಿಟಿಷ್ ಮಂತ್ರಿ ಪೆಥಿಕ್ ಲಾರೆನ್ಸ್ ಪಕ್ಕದಲ್ಲಿ ನಿಂತಿದ್ದಾಗ ತೆಗೆದದ್ದು. ಆಸ್ಟಿನ್ ವಿಷಯದಲ್ಲಿ ಅಂಥ ಆಧಾರ ತೆಳುವಾಗಿತ್ತು. ಅಕ್ಕ ಕಸಾಂಡ್ರಾ ಗೀಚಿದ ಸಣ್ಣ ರೇಖಾಚಿತ್ರವನ್ನು ಆಧರಿಸಿ, ಆಸ್ಟಿನ್ ತೀರಿಕೊಂಡು ಐವತ್ತು ವರ್ಷ ಕಳೆದ ಮೇಲೆ ಬಿಡಿಸಿದ ಚಿತ್ರವನ್ನು ಬಳಸಿದರು. ಇದು ಚೆಲುವು ಹಚ್ಚಿದ ಮುಖ ಎಂಬ ಟೀಕೆ ಬಂತು. ಕೆಳಗೆ ಆಸ್ಟಿನ್ನರದೇ ಕಾದಂಬರಿಯಿಂದ ಹಾಕಿದ ಓದಿನ ಹೊಗಳಿಕೆಯ ಸಾಲೂ ಎಡವಟ್ಟಾಯಿತು, ಆ ಕಾದಂಬರಿಯಲ್ಲಿ ಆ ಮಾತಾಡುವವಳಿಗೆ ಓದಿನಲ್ಲಿ ಒಂದಿಷ್ಟೂ ಆಸಕ್ತಿಯಿಲ್ಲ. ಬಸವಣ್ಣನವರನ್ನೋ ಅಕ್ಕಮಹಾದೇವಿಯನ್ನೋ ನೋಟಿನಲ್ಲಿ ಕಾಣುವ ಆಸೆಯಿರುವವರು ಇಲ್ಲಿ ಯೋಚಿಸಬೇಕು. ನಾವು ನೋಡುವ ಅವರ ಚಿತ್ರಗಳೆಲ್ಲ ಕಲಾವಿದರ ಕಲ್ಪನೆ. ಯಾವ ಕಲ್ಪನೆ ಸರಿ ಎಂಬ ವಾದ ನೋಟು ಅಚ್ಚಾಗುವ ಮೊದಲೇ ಶುರುವಾಗುತ್ತದೆ. ಫೋಟೊಗಳಿರುವ ವಿಶ್ವೇಶ್ವರಯ್ಯ ಅಥವಾ ಕುವೆಂಪು ಹೆಸರಿಗೆ ಈ ತೊಡಕಿಲ್ಲ. ನಾಣ್ಯದ ದಾರಿ ಬೇರೆ, ಸುಲಭವೂ ಹೌದು. 2006ರಲ್ಲಿ ಬಸವೇಶ್ವರರ ನೆನಪಿಗೆ 5 ರೂಪಾಯಿ ನಾಣ್ಯ ಬಂದಿದೆ.

ಬದುಕಿರುವವರ ಚಿತ್ರ ಬೇಡವೆಂಬ ನಿಯಮ ಅಮೆರಿಕದಲ್ಲಿ 1866ರಿಂದ ಕಾನೂನಾಗಿದೆ. ಸ್ಪೆನ್ಸರ್ ಕ್ಲಾರ್ಕ್ ಎಂಬ ಖಜಾನೆ ಅಧಿಕಾರಿಯ ಮುಖವೇ 5 ಸೆಂಟಿನ ನೋಟಿನ ಮೇಲೆ ಬಂದದ್ದು ಅದಕ್ಕೆ ಕಾರಣ. ಆದರೆ ಹೆಸರಿನ ನಿರ್ಧಾರ ಅಲ್ಲಿ ಖಜಾನೆ ಮಂತ್ರಿಯೊಬ್ಬರದೇ ಆದ್ದರಿಂದ ಸರ್ಕಾರ ಬದಲಾದಂತೆ ಮಾತೂ ಬದಲಾಗುತ್ತದೆ. ಗುಲಾಮರನ್ನು ಬಿಡಿಸಿದ ಹ್ಯಾರಿಯೆಟ್ ಟಬ್ಮನ್ 20 ಡಾಲರ್ ನೋಟಿಗೆ ಬರುತ್ತಾರೆಂದು 2016ರಲ್ಲಿ ಘೋಷಿಸಿದರು, 2019ರಲ್ಲಿ ಮುಂದೂಡಿದರು. ಬಾಂಗ್ಲಾದೇಶದಲ್ಲಿ ಇನ್ನೂ ನೇರ. ಶೇಖ್ ಹಸೀನಾ ಸರ್ಕಾರ ಉರುಳಿದ ಮರುವರ್ಷ, 2025ರ ಜೂನ್‌ನಲ್ಲಿ ಬಂದ ಹೊಸ ನೋಟುಗಳಲ್ಲಿ ಅವರ ತಂದೆ ಶೇಖ್ ಮುಜೀಬರ ಚಿತ್ರವಿರಲಿಲ್ಲ, ಬೇರೆ ಯಾರ ಮುಖವೂ ಇರಲಿಲ್ಲ.

ಇನ್ನು ಮುಖಬೆಲೆಯ ಮಾತು. ನಮ್ಮಲ್ಲಿ ಚಲಾವಣೆಯಲ್ಲಿರುವ ನೋಟುಗಳ ಒಟ್ಟು ಮೌಲ್ಯದಲ್ಲಿ ಶೇ. 80ಕ್ಕೂ ಹೆಚ್ಚು 500 ರೂಪಾಯಿಯದ್ದೇ. ಹೊಸ ಮುಖವೊಂದನ್ನು ತಂದು 20 ರೂಪಾಯಿಗೆ ಇಟ್ಟರೆ ಅದು ಬೇಗ ಕೊಳೆಯಾಗುತ್ತದೆ, ಆದರೆ ತರಕಾರಿ ಗಾಡಿಯಿಂದ ಬಸ್ ಟಿಕೆಟ್‌ವರೆಗೆ ಎಲ್ಲರ ಕೈ ಸೇರುತ್ತದೆ. 500ಕ್ಕೆ ಇಟ್ಟರೆ ಖೋಟಾ ಮಾಡುವವರ ಕಣ್ಣು ಮೊದಲು ಬೀಳುವುದೇ ಅಲ್ಲಿ, ಮುಖ ಇಡೀ ದೇಶಕ್ಕೆ ಗುರುತಿರುವಂಥದ್ದೇ ಆಗಿರಬೇಕು. ನೋಟಿನ ಹಿಂಬದಿಯನ್ನೂ ಮರೆಯಬೇಡಿ. 50 ರೂಪಾಯಿಯ ಹಿಂದೆ ಹಂಪಿಯ ಕಲ್ಲಿನ ರಥ ಬಂದಾಗ ಯಾರೂ ಜಗಳವಾಡಲಿಲ್ಲ. ಮುಂದಿರುವ ಗಾಂಧೀಜಿಯನ್ನು ಕದಲಿಸದೆ, ಹಿಂಬದಿಗೆ ಒಂದೊಂದು ಮುಖಬೆಲೆಗೆ ಒಂದೊಂದು ಕ್ಷೇತ್ರದ ವ್ಯಕ್ತಿಯನ್ನು ತರುವ ಪ್ರಸ್ತಾವಕ್ಕೂ 25ನೇ ಕಲಂನಲ್ಲಿ ಯಾವ ಅಡ್ಡಿಯೂ ಇಲ್ಲ.