ಸಾಲಿನಿಂದ ಹೊರಗೆ ಸರಿದ ಚೀಟಿ

ಹೊಸ ಸಾಫ್ಟ್‌ವೇರ್ ಮಾಡುವವರು ಮೊದಲು ಕೇಳುವ ಪ್ರಶ್ನೆ: "ನೀವು ದಿನಾ ಏನೇನು ಕೆಲಸ ಮಾಡ್ತೀರಿ?" ಉತ್ತರದಲ್ಲಿ ಸುಳ್ಳಿರುವುದಿಲ್ಲ. ಆದರೆ ಎಷ್ಟೋ ಕೆಲಸ ಕೈಗೆ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಕೂತು ನೋಡಲೇಬೇಕು.

1990ರ ಸುಮಾರಿಗೆ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಲಂಡನ್ನಿನ ವಿಮಾನ ಸಂಚಾರ ನಿಯಂತ್ರಣ ಕೇಂದ್ರದಲ್ಲಿ ಹೀಗೇ ಕೂತರು. ಅಲ್ಲಿ ಪ್ರತಿ ವಿಮಾನಕ್ಕೂ ಒಂದು ಉದ್ದನೆಯ ಕಾಗದದ ಚೀಟಿ. ಅದರಲ್ಲಿ ವಿಮಾನದ ಗುರುತು, ಎತ್ತರ, ದಾರಿ. ಏನಾದರೂ ಬದಲಾದರೆ ಪೆನ್ನಿನಲ್ಲಿ ತಿದ್ದುತ್ತಿದ್ದರು. ಯಾವುದಾದರೂ ವಿಮಾನದ ಮೇಲೆ ಕಣ್ಣಿಡಬೇಕು ಅನಿಸಿದರೆ ಅದರ ಚೀಟಿಯನ್ನು ಸಾಲಿನಿಂದ ಚೂರು ಹೊರಗೆ ಸರಿಸುತ್ತಿದ್ದರು. ಪಕ್ಕದವರಿಗೆ ಅಷ್ಟೇ ಸಾಕು, ಮಾತೇ ಬೇಕಿಲ್ಲ.

ಚೀಟಿಗಳನ್ನು ಕಂಪ್ಯೂಟರೇ ಜೋಡಿಸಿಕೊಟ್ಟರೆ ಕೆಲಸ ಹಗುರ ಅಲ್ವಾ? ಸುಮ್ನೆ ಕೇಳಿದರೆ ಹೌದು ಅನಿಸುತ್ತದೆ. ಆದರೆ ಕೈಯಾರೆ ಜೋಡಿಸುವಾಗಲೇ ಆ ವಿಮಾನದ ಕಡೆ ಗಮನ ಹೋಗುತ್ತಿತ್ತು, ಆಕಾಶದ ಚಿತ್ರ ತಲೆಯಲ್ಲಿ ಕೂರುತ್ತಿತ್ತು. ನನಗಂತೂ ಇದು ಇಡೀ ಅಧ್ಯಯನದಲ್ಲಿ ಅತಿ ಸುಂದರವಾದ ಸಂಗತಿ.

ಇಂಥದ್ದು ಬಾಯಿಗೆ ಯಾಕೆ ಬರುವುದಿಲ್ಲ? ರಷ್ಯಾದ ಮನೋವಿಜ್ಞಾನಿ ಅಲೆಕ್ಸೈ ಲಿಯೊಂಟಿಯೆವ್ ಅವರ ಚಟುವಟಿಕೆ ಸಿದ್ಧಾಂತದಲ್ಲಿ ಉತ್ತರವಿದೆ. ಅವರ ಪ್ರಕಾರ ಕೆಲಸಕ್ಕೆ ಮೂರು ಪದರ. ಮೇಲೆ ಚಟುವಟಿಕೆ, ಅದರ ಹಿಂದೊಂದು ಪ್ರೇರಣೆ. ನಡುವೆ ಕ್ರಿಯೆ, ಅದಕ್ಕೊಂದು ಗುರಿ. ತಳದಲ್ಲಿ ರೂಢಿಯಾದ ಕೈಚಳಕ. ಕಾರು ಕಲಿಯುವಾಗ ಗೇರ್ ಹಾಕುವುದೇ ದೊಡ್ಡ ಕೆಲಸ. ಆಮೇಲೆ ಕೈ ತಾನಾಗಿ ಹೋಗುತ್ತದೆ. ಗೇರ್ ಸಿಕ್ಕಿಕೊಂಡಾಗ ಮಾತ್ರ ಗಮನ ಮತ್ತೆ ಅಲ್ಲಿಗೆ ಬರುತ್ತದೆ. ಅದಕ್ಕೇ ನೋಡುವವರು ಕೆಲಸ ತಡವರಿಸುವ ಗಳಿಗೆಗಳನ್ನು ಜಾಸ್ತಿ ಗಮನಿಸಬೇಕು.

1987ರಲ್ಲಿ ಫಿನ್‌ಲೆಂಡಿನ ಸಂಶೋಧಕ ಯೂರ್ಯೊ ಎಂಗೆಸ್ಟ್ರೋಮ್ ಈ ಸಿದ್ಧಾಂತಕ್ಕೆ ನಿಯಮ, ಸಮುದಾಯ, ಕೆಲಸದ ಹಂಚಿಕೆಗಳನ್ನೂ ಸೇರಿಸಿದರು. ಇವುಗಳ ನಡುವಿನ ತಿಕ್ಕಾಟದಿಂದಲೇ ಬದಲಾವಣೆ ಹುಟ್ಟುತ್ತದೆ ಎಂದರು. ಜನ ನಿಯಮ ಬಿಟ್ಟು ಬೇರೆ ದಾರಿ ಹಿಡಿದಿದ್ದು ಕಂಡರೆ ಅದನ್ನು ತಪ್ಪು ಎಂದು ಬರೆದುಕೊಳ್ಳಬೇಡಿ. ಹಾಗೆ ಮಾಡುವಂತೆ ಮಾಡಿದ್ದು ಏನು ಎಂದು ಕೇಳಿ.

ಹೀಗೆ ಕೂತು ನೋಡಿದರೆ, ಸಾಫ್ಟ್‌ವೇರ್ ಏನು ಮಾಡಬೇಕು ಎಂದು ಬರೆದಿಡುವ ಬೇಡಿಕೆಯ ವಾಕ್ಯವೇ ಬದಲಾಗುತ್ತದೆ. "ಚೀಟಿಗಳು ಸಮಯದ ಪ್ರಕಾರ ತಾವಾಗಿ ಜೋಡಣೆಯಾಗಬೇಕು" ಎಂಬ ಸಾಲನ್ನು ಹೊಡೆದುಹಾಕಿ ಹೀಗೆ ಬರೆಯಬಹುದು: "ಯಾವ ಚೀಟಿಯನ್ನಾದರೂ ಒಂದೇ ಸಲಕ್ಕೆ ಹೊರಗೆ ಸರಿಸಲು ಆಗಬೇಕು. ಪಕ್ಕದವರಿಗೆ ಅದು ಕೂತಲ್ಲಿಂದಲೇ ಕಾಣಬೇಕು."