ಹಳ್ಳಿ ನೀರು ಖಾಸಗಿಯವರ ಕೈಯಲ್ಲಿ: ಒಪ್ಪಂದ ಓದುವುದು ಹೇಗೆ?

ಗ್ರಾಮೀಣಾಭಿವೃದ್ಧಿ ಓದುತ್ತಿರುವ ಕಲಬುರಗಿಯ ಗೆಳೆಯರಿಗಾಗಿ ಈ ಟಿಪ್ಪಣಿ. ಹಳ್ಳಿಯ ನೀರು ಸರಬರಾಜನ್ನು ಖಾಸಗಿಯವರಿಗೆ ಒಪ್ಪಿಸುವ ವಿಷಯ ಬಂದ ಕೂಡಲೇ ನಾವು "ಖಾಸಗಿ ಬೇಕೋ ಬೇಡವೋ" ಎಂದು ವಾದಕ್ಕಿಳಿಯುತ್ತೇವೆ. ಅದಕ್ಕಿಂತ ಮೊದಲು ಮೂರು ಪ್ರಶ್ನೆ ಕೇಳಬೇಕು. ಬೋರು, ಟ್ಯಾಂಕು, ಪೈಪು ಯಾರದು? ಬಿಲ್ ವಸೂಲಿ ಯಾರದು? ಮೋಟಾರ್ ಸುಟ್ಟರೆ ಖರ್ಚು ಯಾರದು?

ತಿಂಗಳಿಗಿಷ್ಟು ಎಂದು ಹಣ ಪಡೆದು ಯೋಜನೆ ನಡೆಸಿಕೊಡುವುದು ನಿರ್ವಹಣಾ ಗುತ್ತಿಗೆ. ಇಲ್ಲಿ ಜನ ಬಿಲ್ ಕಟ್ಟದಿದ್ದರೂ ಗುತ್ತಿಗೆದಾರನಿಗೆ ನಷ್ಟವಿಲ್ಲ. ಲೀಸ್ ಪದ್ಧತಿಯಲ್ಲಿ ಆಸ್ತಿ ಸರ್ಕಾರದ್ದೇ. ನಡೆಸುವವರು ಬಿಲ್ ವಸೂಲಿ ಮಾಡಿ, ಒಂದು ಪಾಲು ಸರ್ಕಾರಕ್ಕೆ ಕಟ್ಟಿ, ಉಳಿದದ್ದರಲ್ಲಿ ರಿಪೇರಿ, ಸಂಬಳ, ಲಾಭ ಎಲ್ಲ ನೋಡಿಕೊಳ್ಳಬೇಕು. ಸ್ವಂತ ಬಂಡವಾಳ ಹಾಕಿ ಪೈಪು ಎಳೆಯುವ ಖಾಸಗಿಯವರು ಹಳ್ಳಿಗಳಲ್ಲಿ ಕಡಿಮೆ. ಕಾಂಬೋಡಿಯಾದಲ್ಲಿ ಮಾತ್ರ ಲೈಸೆನ್ಸ್ ಪಡೆದ ಅಂಥವರು ಬಹಳ ಮಂದಿ ಇದ್ದಾರೆ.

ಖಾಸಗಿಯವರು ಈ ಕೆಲಸಕ್ಕೆ ಯಾಕೆ ಬಂದರು? 1981ರಿಂದ 1990ರವರೆಗೆ ಅಂತರರಾಷ್ಟ್ರೀಯ ಕುಡಿಯುವ ನೀರಿನ ದಶಕ ನಡೆಯಿತು. ಅದಾದ ಮೇಲೆ ಅನೇಕ ದೇಶಗಳು ನಿರ್ವಹಣೆಯನ್ನು ಊರಿನ ಸಮಿತಿಗೆ ಒಪ್ಪಿಸಿದವು. ಸಮಿತಿಯವರಿಗೆ ಊರಿನ ಮೇಲೆ ಕಾಳಜಿ ಇತ್ತು, ನಿಜ. ಆದರೆ ಬಿಡಿಭಾಗ ಎಲ್ಲಿಂದ ತರಬೇಕು, ಮೆಕ್ಯಾನಿಕ್‌ಗೆ ಯಾರು ಹಣ ಕೊಡಬೇಕು? ಈ ಕೊರತೆ ತುಂಬಲೆಂದೇ ಖಾಸಗಿಯವರನ್ನು ಕರೆದರು.

ಹಣದ ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಿ. ಒಂದು ಊರಲ್ಲಿ 300 ಮನೆ, ತಿಂಗಳಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಒಟ್ಟು 30,000. ಕಟ್ಟುವವರು ಅರ್ಧ ಮನೆಯವರಷ್ಟೇ ಎಂದರೆ 15,000. ವಾಟರ್‌ಮನ್ ಸಂಬಳ, ಕರೆಂಟ್ ಬಿಲ್ ಕಳೆದರೆ ಮೋಟಾರ್ ರಿಪೇರಿಗೆ ಏನು ಉಳಿಯುತ್ತದೆ? ಒಂದೇ ಊರನ್ನು ನಂಬಿ ಯಾವ ಕಂಪನಿಯೂ ಬರುವುದಿಲ್ಲ. 20 ಊರು ಸೇರಿಸಿ ಕೊಟ್ಟರೆ ಒಬ್ಬ ಮೆಕ್ಯಾನಿಕ್, ಒಂದು ಸ್ಪೇರ್ ಮೋಟಾರ್ ಎಲ್ಲಕ್ಕೂ ಸಾಕಾಗುತ್ತದೆ. ಊರುಗಳನ್ನು ಗುಂಪು ಮಾಡಿ ಗುತ್ತಿಗೆ ಕೊಡುವುದು ಇದಕ್ಕೇ.

ನನಗೆ ಬಹಳ ಹಿಡಿಸಿದ ಉದಾಹರಣೆ ಕೀನ್ಯಾದ್ದು. ಕಿಟುಯಿ ಪ್ರದೇಶದ ಕ್ಯೂಸೊದಲ್ಲಿ ಕೈಪಂಪಿನ ಹಿಡಿಗೆ ಮೊಬೈಲ್ ಸಿಗ್ನಲ್ ಕಳಿಸುವ ಸಾಧನ ಕೂರಿಸಿದರು. ಪಂಪ್ ನಿಂತರೆ ತಕ್ಷಣ ಗೊತ್ತಾಗುತ್ತದೆ. ಸರಾಸರಿ 27 ದಿನ ಹಿಡಿಯುತ್ತಿದ್ದ ರಿಪೇರಿ 3 ದಿನದೊಳಗೆ ಬಂತು. ಆ ಪ್ರಯೋಗದಿಂದ ಫಂಡಿಫಿಕ್ಸ್ ಎಂಬ ಸೇವೆ ಹುಟ್ಟಿತು. ಊರಿನವರು ರಿಪೇರಿಗೆ ಮೊದಲೇ ತಿಂಗಳ ಹಣ ಕಟ್ಟುತ್ತಾರೆ. ಗಮನಿಸಿ, ಆ ಹಣದಿಂದ ಪೂರ್ತಿ ಖರ್ಚು ಹುಟ್ಟುವುದಿಲ್ಲ. ಕೊರತೆಯನ್ನು ಒಂದು ಟ್ರಸ್ಟ್ ನಿಧಿ ತುಂಬುತ್ತದೆ. ಖಾಸಗಿಯವರು ಬಂದರೆ ಸರ್ಕಾರದ ಖರ್ಚು ತಪ್ಪುತ್ತದೆ ಎಂದು ಬರೆಯುವವರು ಈ ಸಂಗತಿಯನ್ನು ಮರೆಯಬಾರದು.

ಸೆನೆಗಲ್‌ನಲ್ಲಿ ಬಳಕೆದಾರರ ಸಂಘಗಳು ಬೋರುಗಳನ್ನು ನಡೆಸುತ್ತಿದ್ದವು. 2014ರಲ್ಲಿ ಗ್ರಾಮೀಣ ಬೋರುಗಳಿಗೆಂದೇ ಒಂದು ಸರ್ಕಾರಿ ಕಚೇರಿ ಆಯಿತು. ಅದು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಕೆಲವು ಕಡೆ ಸಂಘಗಳೇ ವಿರೋಧಿಸಿದವು. ತಾವು ಕಟ್ಟಿ ಬೆಳೆಸಿದ್ದು ಕೈತಪ್ಪಿತು ಅನ್ನಿಸದೇ ಇರುತ್ತದಾ? ಉಗಾಂಡಾ ಇನ್ನೊಂದು ದಾರಿ ಹಿಡಿಯಿತು. ಸಣ್ಣ ಪಟ್ಟಣಗಳ ನೀರನ್ನು ಖಾಸಗಿಯವರಿಗೆ ಕೊಟ್ಟು, 2017ರಿಂದ ಅನೇಕ ಯೋಜನೆಗಳನ್ನು ಸರ್ಕಾರದ ಪ್ರಾದೇಶಿಕ ಪ್ರಾಧಿಕಾರಗಳಿಗೆ ಒಪ್ಪಿಸಿತು.

ಈಗ ನಮ್ಮ ಕಡೆಗೆ ಬರೋಣ. ಕಲಬುರಗಿ ನಗರದ ಕೆಲವು ವಾರ್ಡ್‌ಗಳಲ್ಲಿ ಖಾಸಗಿ ಕಂಪನಿ ದಿನವಿಡೀ ನೀರು ಕೊಟ್ಟದ್ದನ್ನು ಹಳ್ಳಿಗೆ ಉದಾಹರಣೆಯಾಗಿ ಕೊಡಬೇಡಿ. ಅಲ್ಲಿ ಮನೆಗಳು ಒತ್ತೊತ್ತಾಗಿವೆ, ಲೆಕ್ಕವೇ ಬೇರೆ. ನಮ್ಮ ಹಳ್ಳಿಗಳಿಗೆ ಹತ್ತಿರವಾದದ್ದು ಬಹುಗ್ರಾಮ ಕುಡಿಯುವ ನೀರಿನ ಯೋಜನೆ. ಭೀಮಾ ಅಥವಾ ಕೃಷ್ಣಾ ನದಿಯಿಂದ ನೀರೆತ್ತಿ, ಶುದ್ಧ ಮಾಡಿ, ಊರಿನ ಟ್ಯಾಂಕಿನವರೆಗೆ ತಲುಪಿಸುವುದು ಸಾಮಾನ್ಯವಾಗಿ ಗುತ್ತಿಗೆದಾರರ ಕೆಲಸ. ಅಲ್ಲಿಂದ ಮನೆಯ ನಳದವರೆಗೆ ಪಂಚಾಯ್ತಿಯ ಜವಾಬ್ದಾರಿ. ನಳದಲ್ಲಿ ನೀರು ಬರದಿದ್ದಾಗ "ಟ್ಯಾಂಕಿಗೇ ಬಂದಿಲ್ಲ" ಎಂದು ಪಂಚಾಯ್ತಿಯವರು, "ನಾವು ಕಳಿಸಿದ್ದೇವೆ" ಎಂದು ಗುತ್ತಿಗೆದಾರರು. ಕೊಡ ಹಿಡಿದು ನಿಂತ ಹೆಂಗಸರಿಗೆ ಉತ್ತರ ಹೇಳುವವರಿಲ್ಲ. ಟ್ಯಾಂಕಿನ ಬಾಯಲ್ಲಿ ಒಂದು ಮೀಟರ್ ಇಟ್ಟು, ಎರಡೂ ಕಡೆಯವರು ದಿನಾ ಸಹಿ ಹಾಕಿದರೆ ಈ ಜಗಳದ ಅರ್ಧ ಮುಗಿಯುತ್ತದೆ ಎಂದು ನನ್ನ ಅನಿಸಿಕೆ.

ನೀರಿನ ಪರೀಕ್ಷೆಯ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕೆಲವು ಊರುಗಳ ಬೋರ್ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಕೊಡುವವರೇ ನೀರನ್ನು ಪರೀಕ್ಷಿಸಿ, ಸರಿಯಿದೆ ಎಂದು ತಾವೇ ಬರೆದುಕೊಳ್ಳುವ ಒಪ್ಪಂದವನ್ನು ಒಪ್ಪಬಾರದು. ಸ್ಯಾಂಪಲ್ ತೆಗೆಯುವವರು ಬೇರೆ ಇರಬೇಕು, ಫಲಿತಾಂಶ ಗ್ರಾಮಸಭೆಯಲ್ಲಿ ಓದಬೇಕು. ನಿಮ್ಮ ಊರಿನ ಪಂಚಾಯ್ತಿಗೆ ಹೋದಾಗ ಪಿಡಿಒ ಅವರ ಹತ್ತಿರ ಒಪ್ಪಂದದ ಪ್ರತಿ ಕೇಳಿ. ಪರೀಕ್ಷೆ ಯಾರದು, ರಿಪೇರಿಗೆ ಎಷ್ಟು ದಿನದ ಗಡುವು, ತಪ್ಪಿದರೆ ದಂಡ ಎಷ್ಟು ಎಂಬ ಸಾಲುಗಳನ್ನು ಬರೆದುಕೊಂಡು ಬನ್ನಿ.